ದಂಡವಿಲ್ಲದ ಕೊನೆಯ ದಿನ

ಇಂಡಿಯೊಳಗ ಬಿಸಲು ಒಂಬತ್ತಕ್ಕ ಏರತದ,
ನನ್ನ ಕಿಟಕಿ ತೆರಿಯೂದು ಹತ್ತೂವರಿಗೆ.
ಅದಕ್ಕಿಂತ ಮೊದಲ ಅರ್ಧ ತಾಸು ನಂದು.
ಆಗ ನಾ ಕೆಂಪು ರಟ್ಟಿನ ವಹಿ ತಗೀತೀನಿ,
ಕಾಲೇಜಿನದಲ್ಲ, ಬಜಾರದಾಗ ಮೂವತ್ತೈದು ಕೊಟ್ಟು ತಂದದ್ದು.

ಇದರಾಗ ಪಾಸಾದವರ ಹೆಸರಿಲ್ಲ.
ಒಂದು ವಿಷಯ, ಒಂದು ಪ್ರಾಕ್ಟಿಕಲ್,
ಒಬ್ಬರ ಸಹಿ ಉಳಿದು
ಹೊಸ್ತಿಲದಾಗ ನಿಂತವರು ಅದಾರ.
"ಓದವರು ಹೆಂಗರ ಓದತಾರ ಬಿಡ್ರಿ"
ಅಂತ ಸೂಪರಿಂಟೆಂಡೆಂಟರು ಎಲಿ ಅಡಕಿ ಮಡಚತಾರ.
ಹನ್ನೊಂದು ವರ್ಷದಿಂದ ಕಿಟಕಿ ಈ ಕಡೆ ಕುಂತು ನೋಡೀನಿ:
ಸೋತು ಬಿಟ್ಟವರು ಕಡಿಮಿ.
ತಾರೀಖು ಗೊತ್ತಿಲ್ಲದ ಬಿಟ್ಟವರು ಭಾಳ.

ಬಂದೇನವಾಜ ಮುಜಾವರ, ಬಿ.ಕಾಂ.,
ಎರಡನೇ ಸೆಮಿಸ್ಟರಿನ ಸಂಖ್ಯಾಶಾಸ್ತ್ರ.
ರಾತ್ರಿ ಎಪಿಎಂಸಿಯೊಳಗ ಲಿಂಬಿ ಆರಸತಾನ,
ದೊಡ್ಡದು ಒಂದು ಚೀಲಕ್ಕ, ಕಲಿ ಬಿದ್ದದ್ದು ಉಪ್ಪಿನಕಾಯಿಗೆ.
ಪಾಟೀಲ ಸರು ಸಂಜೀಕ ಕೂಡಿಸಿಕೊಂಡು
ಲಿಂಬಿ ಲೆಕ್ಕದಾಗs ಸರಾಸರಿ ಹೇಳಾಕ ಹೋದರಂತ.
"ಸರ್, ಕೈ ಮುಗೀತೀನಿ, ಲಿಂಬಿ ಬಿಟ್ಟು ಏನರ ಹೇಳ್ರಿ" ಅಂದನಂತ.
ಕ್ರಿಕೆಟ್ಟಿನ ರನ್ನಿನಿಂದ ತಿಳೀತು ಕಡೀಕ.
ಮೂವತ್ತೆಂಟು ಬಂತು. ಸಾಕು.

ಸಕೂಬಾಯಿ ರಾಠೋಡ, ಬಿ.ಎ.
ದೀಪಾವಳಿ ಮುಗದ ಕೂಡಲೆ ತಾಂಡಾ ಖಾಲಿ,
ಟ್ರ್ಯಾಕ್ಟರ್ ಹತ್ತಿ ಕಬ್ಬು ಕಡಿಯಾಕ ಕೊಲ್ಹಾಪುರದ ಕಡೆ.
ಹಾಜರಿ ನಲವತ್ತೊಂದು. ನಿಯಮ ಎಪ್ಪತ್ತೈದು.
ಪ್ರಿನ್ಸಿಪಾಲರು ನಿಯಮ ಓದಿ ಹೇಳಿದರು,
ಅಕಿ ತಲಿ ಅಲ್ಲಾಡಿಸಿದಳು, ಅಳಲಿಲ್ಲ.
ಆ ಸೆಮಿಸ್ಟರ್ ಹೋತು, ಉಳಸಾಕ ಆಗಲಿಲ್ಲ ನನಗ.
ಮುಂದಿನ ಜೂನಿನಾಗ ಹಾಸ್ಟೆಲ್ಲಿನ ಅರ್ಜಿ ಹಿಡಕೊಂಡು
ನಾನs ಹೋದೆ ತಾಂಡಾಕ್ಕ.
ಅವರವ್ವ ಕೇಳಿದಳು:
"ಕೊಯ್ತಾ ಹಿಡಿಯೂ ಎರಡು ಕೈ ಕಡಿಮಿ ಆದರ
ಮುಕಾದಮನ ಉಚಲಿ ನೀ ತೀರಸ್ತಿ?"
ಉತ್ತರ ಇರಲಿಲ್ಲ. ಚಾ ಕುಡಿದೆ, ಕುಂತೆ.
ಸಂಜೀಕ ಅಕಿ ಹೆಬ್ಬಟ್ಟು ಒತ್ತಿದಳು,
ಯಾಕ ಒತ್ತಿದಳೋ, ಇವತ್ತಿಗೂ ಗೊತ್ತಿಲ್ಲ.

ಚಡಚಣದ ಬಸ್ಸು ಮೂರು ನಲವತ್ತಕ್ಕ.
ಲ್ಯಾಬು ನಾಕು ಗಂಟೆತನಕ.
ಮೂರು ಹುಡುಗ್ಯಾರು ದಿನಾ
ಪರೀಕ್ಷಾ ನಳಿಗಿಯೊಳಗ ಬಣ್ಣ ತಿರುಗೂದರೊಳಗs ಓಡತಿದ್ದರು,
ಜರ್ನಲ್ಲಿನಾಗ ಬಣ್ಣದ ಜಾಗಾ ಬರೇ ಖಾಲಿ.
ಡಿಪೋಕ್ಕ ಎರಡು ಪತ್ರ ಬರದೆ.
ಬಸ್ಸು ಸರೀಲಿಲ್ಲ.
ಲ್ಯಾಬು ಸರೀತು, ಮುಂಜಾನೆ ಎಂಟಕ್ಕ,
ಅಟೆಂಡರ್ ಹುಸೇನಬಾಷಾ ಒಂದು ತಿಂಗಳ ನನ್ನ ಕೂಡ ಮಾತ ಬಿಟ್ಟಿದ್ದ.

ಒಂದು ಹಾಳಿ ಮಡಚಿ ಇಟ್ಟೀನಿ.
ಶಿವಗಂಗಾ ಹೂಗಾರ, ಐದು ಸೆಮಿಸ್ಟರ್ ಫಸ್ಟ್ ಕ್ಲಾಸ್,
ಆರನೇದರಾಗ ಪರಿಸರ ಅಧ್ಯಯನ ಒಂದs ಬರದಿಲ್ಲ.
ಅದs ವಾರ ಮದುವಿ ಇತ್ತು.
ಸೊಲ್ಲಾಪುರದ ನಂಬರಿಗೆ ಹಚ್ಚಿದೆ.
"ರಾಂಗ್ ನಂಬರ್‌ರೀ" ಅಂತು ಒಂದು ದನಿ, ಮೆಲ್ಲಕ.
ಮೂರು ವರ್ಷ ಈ ಕಿಟಕಿಯೊಳಗಿಂದ
"ನಮಸ್ಕಾರರೀ ಅಕ್ಕಾರ" ಅಂದ ದನಿ ಅದು.
ಹಿಂದ ಯಾರೋ ಕೇಳತಿದ್ದರು, ಯಾರದು ಅಂತ.
ನಾನೂ "ತಪ್ಪಾತ್ರಿ" ಅಂದು ಇಟ್ಟೆ.
ಅಕಿ ಹೆಸರಿನ ಮುಂದ ಗೀಟು ಎಳದಿಲ್ಲ.

ಇವತ್ತು ದಂಡವಿಲ್ಲದ ಕೊನೆಯ ದಿನ.
ನಾಳಿಂದ ಮುನ್ನೂರು ಹೆಚ್ಚು,
ಮುನ್ನೂರಕ್ಕ ನಿಂತ ಪದವಿ ನಾ ಭಾಳ ಕಂಡೀನಿ.
ಮುಂಜಾನಿಂದ ಇಪ್ಪತ್ತಾರು ಫೋನು,
ಹದಿನೇಳು ಮಂದಿ ಬಂದು ಹೋದರು,
ಒಬ್ಬನ ಶುಲ್ಕ ಅವನ ಗೆಳೆಯ ತುಂಬಿದ,
ಇನ್ನೊಬ್ಬಂದು ಯಾರು ತುಂಬಿದರು, ಕೇಳಬ್ಯಾಡ್ರಿ.

ಐದಾಗಾಕ ಬಂತು.
ಹೊರ್ತಿ ಕಡೆ ಬಸ್ಸು ಝಳಕಿಯೊಳಗ ಪಂಚರ್ ಆಗೇದಂತ,
ಅದರಾಗ ಇಬ್ಬರು ಅದಾರ, ಫಾರಂ ಕೈಯಾಗ.
ಹುಸೇನಬಾಷಾ ಕೀಲಿಗೊಂಚಲ ಆಡಸತಾನ,
ಗೋಡಿ ಕಡೆ ನೋಡಿ ಅಂತಾನ:
"ಮೇಡಂ, ಈ ಗಡಿಯಾರ ಹತ್ತು ನಿಮಿಷ ಹಿಂದ ಓಡತದ,
ಹೊಸಾ ಸೆಲ್ ತಂದೀನಿ, ಹಾಕಲಿ?"

ನಾಳಿ ಹಾಕಪ್ಪಾ.
ಇವತ್ತ ಹಂಗs ಇರಲಿ.