ಹಾಸುಗಳ ಲೆಕ್ಕ

ಟೀವಿಯಲ್ಲಿ ಮಂತ್ರಿ ಹೇಳುತ್ತಿದ್ದಾನೆ:
ಕಡಲ ದಡಕ್ಕೆ ಇಷ್ಟು ಜನ, ಬೆಟ್ಟಕ್ಕೆ ಇಷ್ಟು,
ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು.
ಅವನ ಬೆನ್ನ ಹಿಂದೆ ಬಣ್ಣದ ಕಂಬಗಳು
ಏರುತ್ತವೆ, ಇಳಿಯುತ್ತವೆ.
ತ್ಸಿಸಾನಾ ಸದ್ದು ಅಡಗಿಸುತ್ತಾಳೆ.
ನಮ್ಮ ಲೆಕ್ಕ ಬೆಳಗಿನ ಜಾವವೇ
ಬೋಂದೊನ ವ್ಯಾನಿನಿಂದ ಗಂಟು ಗಂಟಾಗಿ
ಉರುಳಿ ಬಿದ್ದಾಗಿದೆ, ಕುತೈಸಿಯ ಈ
ಬಟ್ಟೆ ಒಗೆಯುವ ಶೆಡ್ಡಿನ ಬಾಗಿಲಿಗೆ.

ಗಂಟು ಬಿಚ್ಚಿದರೆ ಊರು ಹೇಳಿಬಿಡುತ್ತೇನೆ.
ಒಂದು ನುಣುಪು ಕಲ್ಲು, ಬಿಸಿಲಿಗೆ ಬಳಿವ ಎಣ್ಣೆಯ ಜಿಡ್ಡು:
ಬಟುಮಿ.
ಮೊದಲೆಲ್ಲ ಅಲ್ಲಿಂದ ಸೂರ್ಯಕಾಂತಿ ಬೀಜದ ಸಿಪ್ಪೆ ಬರುತ್ತಿತ್ತು,
ಆಮೇಲೆ ಖರ್ಜೂರದ ಬೀಜ.
ಹೋದ ಬೇಸಿಗೆ, ಮೊದಲ ಸಲ, ಅರಿಶಿನ.
ಸೋಪು ತಾಗಿದ್ದೇ ತಡ ಕೆಂಪಗಾಯಿತು,
ಯಾರದೋ ರಕ್ತವೆಂದು ಕೈ ಬಿಟ್ಟೆವು.
ಬಿಸಿಲಿಗೆ ಹರವಿದ್ದೆವು, ಸಂಜೆಗೆ
ಎಲ್ಲ ಮರೆತ ಹಾಗೆ ಬಿಳಿ.

ಬೂಟಿನ ಕೆಸರು, ಹಿಮ್ಮಡಿಯ ಬೊಬ್ಬೆ ಒಡೆದ ಗುರುತು:
ಮೆಸ್ತಿಯಾ.
ಆ ದಾರಿಯಲ್ಲಿ ಒಂದು ಕಾಲಕ್ಕೆ
ಹಾಡಹಗಲೇ ದೋಚುತ್ತಿದ್ದರು.
ಈಗ ಅಜ್ಜಿಯರು ಜಾಮು ಬಡಿಸಿ
ಚುಕ್ಕಿ ಕೊಡಿ ಮಗು ಅನ್ನುತ್ತಾರೆ, ಐದಕ್ಕೆ ಐದು.
ಪೂರ್ವದ ಕಾಖೇತಿಯ ಗಂಟು ನಮಗೆ ಬರುವುದಿಲ್ಲ.
ಅಲ್ಲಿನ ದ್ರಾಕ್ಷಿಯ ಕಲೆ ಬೇರೆ ಯಾರ ಕೈಗೋ.

ಒಂದು ವರ್ಷ ಯಾರೂ ಬರಲಿಲ್ಲ.
ಯಂತ್ರಗಳು ಬಾಯಿ ಕಳೆದು ಕೂತವು.
ಬೋಂದೊ ಅದೇ ವ್ಯಾನಿನಲ್ಲಿ ಆಲೂಗಡ್ಡೆ ಮಾರಿದ.
ಯಾರೂ ಮಲಗದ ಹಾಸುಗಳನ್ನು
ಹಳದಿ ತಿರುಗದಿರಲೆಂದು
ಮತ್ತೊಮ್ಮೆ ಒಗೆದು ಮಡಿ ಮಾಡಿಟ್ಟೆವು.

ಈ ವಸಂತದಲ್ಲಿ ಹೊಸ ಗಂಟು: ತ್ಸ್ಖಾಲ್ತುಬೊ.
ದಪ್ಪ ಹತ್ತಿ, ಅಂಚಿಗೆ ಬೂದು ನೂಲು,
ಮೂಲೆಯಲ್ಲಿ ಕೋಣೆಯ ಸಂಖ್ಯೆ.
ಮುನ್ನೂರ ಹನ್ನೊಂದು.

ಆ ಕಟ್ಟಡಕ್ಕೆ ಮೊದಲು ಬಂದವರು
ಮಾಸ್ಕೋದ ಕೀಲುನೋವಿನವರು,
ಬಿಸಿನೀರ ಬುಗ್ಗೆಗೆ, ನೇರ ರೈಲಿನಲ್ಲಿ.
ಆಮೇಲೆ ಬಂದವರು ನಾವು,
ಸುಖುಮಿಯಿಂದ, ಹಿಮದ ಕಣಿವೆ ದಾಟಿ.
ಅಮ್ಮನ ಸೊಂಟದಲ್ಲಿ ಮನೆಯ ಕೀಲಿಕೈ,
ಬೀಗ ಮಾತ್ರ ಗಡಿಯಾಚೆ.
ಯಾವ ಬಣ್ಣದ ಕಂಬವೂ
ನಮ್ಮಿಂದ ಒಂದು ಬೆರಳು ಎತ್ತರವಾಗಲಿಲ್ಲ.
ಅತಿಥಿ ದೇವರು ಕೊಟ್ಟವನು, ಇದು ನಮ್ಮ ನಾಡಿನ ಮಾತು.
ನಾಲ್ಕು ರಾತ್ರಿ ತಂಗಿದವನಿಗೆ ಸರಿ.
ಇಪ್ಪತ್ತೆಂಟು ವರ್ಷ ತಂಗಿದವಳನ್ನು
ಏನೆಂದು ಕರೆಯಬೇಕೋ
ಹಿರಿಯರು ಹೇಳಿ ಹೋಗಲಿಲ್ಲ.

ಬಾಲ್ಕನಿಯಲ್ಲಿ ಕಾಳು ಒಣಗಿಸುತ್ತಿದ್ದೆವು.
ಅಮೃತಶಿಲೆಯ ತೊಟ್ಟಿಯಲ್ಲಿ ಕೋಳಿ ಕಾವು ಕೂತಿತ್ತು.
ಕಿಟಕಿಯ ಪಕ್ಕದ ಮಂಚದಲ್ಲಿ ಅಮ್ಮ ಹೋದಳು,
ಕೀಲಿಕೈ ಎಲ್ಲಿ ಎಂದು ಕೇಳುತ್ತ.
ಕಟ್ಟಡ ಮಾರಿದರು. ಊರಾಚೆ ನಮಗೆ ಫ್ಲ್ಯಾಟು ಕೊಟ್ಟರು.
ಒಳ್ಳೆಯ ಫ್ಲ್ಯಾಟು, ಸುಳ್ಳು ಹೇಳಬಾರದು.

ಹಾಸು ಬಿಡಿಸಿ ಬೆಳಕಿಗೆ ಹಿಡಿದೆ.
ಎಣ್ಣೆಯಿಲ್ಲ, ಕೆಸರಿಲ್ಲ, ಅರಿಶಿನವಿಲ್ಲ.
ಒಂದು ಕೂದಲು, ನೀಳ, ನರೆತದ್ದು.
ಯಾವ ದೇಶ, ಕೇಳಿದಳು ತ್ಸಿಸಾನಾ.
ಗೊತ್ತಾಗುತ್ತಿಲ್ಲ ಅಂದೆ,
ಮೂವತ್ತು ವರ್ಷದಲ್ಲಿ ಮೊದಲ ಸಲ.

ಒಗೆದು, ಒಣಗಿಸಿ, ನಾಲ್ಕು ಮೂಲೆ ಹಿಡಿದು
ಇಬ್ಬರೂ ಹತ್ತಿರ ಬಂದೆವು, ಹಿಂದೆ ಸರಿದೆವು,
ಮತ್ತೆ ಹತ್ತಿರ ಬಂದೆವು.
ಬೆರಳಿಗೆ ಬೆರಳು ತಾಗಿದಾಗ
ಅವಳೂ ಏನೂ ಕೇಳಲಿಲ್ಲ.
ಹೊರಗೆ ಬೋಂದೊ ಹಾರ್ನ್ ಒತ್ತುತ್ತಿದ್ದಾನೆ:
ಸಂಜೆ ಐದಕ್ಕೆ ಮುನ್ನೂರ ಹನ್ನೊಂದಕ್ಕೆ
ಹೊಸಬರು ಬರುತ್ತಾರಂತೆ.