ಟ್ಯಾಂಕಿಯೊಳಗಿನ ಚಿರೆಕಲ್ಲು

ಅಂಗಡಿಯವ ಹೇಳಿದ್ದು ಇಷ್ಟು:
ಸಣ್ಣ ಗುಂಡಿ ಒತ್ತಿದರೆ ಮೂರು ಲೀಟರು, ದೊಡ್ಡದಕ್ಕೆ ಆರು.
ಹಳೆಯದು ಒಂದೇ ಗುಟುಕಿಗೆ ಹನ್ನೆರಡು ಕುಡಿಯುತ್ತಿತ್ತು,
ಲೆಕ್ಕ ಹಾಕಿ ಬಾಯಿ.

ಹಾಕಿದೆ. ಮನೆಯಲ್ಲಿ ಐದು ಜನ, ಮೇ ತಿಂಗಳು,
ನಗರಸಭೆಯ ನಲ್ಲಿ ದಿನ ಬಿಟ್ಟು ದಿನ,
ಬಾವಿಯ ನೀರು ಭರತ ಏರಿದಾಗ ಉಪ್ಪುಪ್ಪು.
ಮರುದಿನವೇ ಗೂಡ್ಸ್ ರಿಕ್ಷಾದಲ್ಲಿ ಒಣಹುಲ್ಲು ಹೊದ್ದು
ಕಾಜುಬಾಗಕ್ಕೆ ಬಂತು ಹೊಸ ಕಮೋಡು.

ಸಾಂತಾನ್ ಏಣಿ ಹತ್ತಿದ.
ಗೋಡೆಯೆತ್ತರದ ಕಬ್ಬಿಣದ ಟ್ಯಾಂಕಿ,
ಸರಪಳಿ, ಸರಪಳಿಯ ತುದಿಗೆ ಅತ್ತೆ ಕಟ್ಟಿದ್ದ
ಯಾವುದೋ ಬೀಗದ ಕೈ.
ಮೂರು ಏಟಿಗೆ ತುಕ್ಕು ಹಪ್ಪಳದ ಹಾಗೆ ಉದುರಿತು.
ಒಳಗೆ ಕೈ ಇಳಿಸಿದವನು, "ನಿಧಿ ಉಂಟು ಬಾಯಿ" ಎಂದ.
ಹಾಲಿನ ತೊಟ್ಟೆಯಲ್ಲಿ ಸುತ್ತಿ ದಾರ ಬಿಗಿದ
ಒಂದು ತುಂಡು ಚಿರೆಕಲ್ಲು.

ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ.
ಅಕ್ಕಿ ತೊಳೆದದ್ದು ದಾಸವಾಳಕ್ಕೆ,
ಬಂಗಡೆ ತೊಳೆದದ್ದು ತೆಂಗಿನ ಬುಡಕ್ಕೆ,
ದ್ವಾರ್ಕಾಬಾಯಿಯ ಕೈಯಲ್ಲಿ ನೀರಿಗೆ ಮೋಕ್ಷವೇ ಇರಲಿಲ್ಲ.
ನಾನು ಈ ಮನೆಗೆ ಬಂದ ವಾರ ಹೇಳಿದ್ದರು:
"ಸರಪಳಿ ಎಳೆಯುವಾಗ ಸ್ವಲ್ಪ ಕೈ ಬಿಗಿ ಇರಲಿ."
ಜಿಪುಣಿ ಅಂದುಕೊಂಡಿದ್ದೆ. ಇಪ್ಪತ್ತಾರು ವರ್ಷ ಅಂದುಕೊಂಡಿದ್ದೆ.

ಹೊಸದು ಹತ್ತು ದಿನ ನಡೆಯಿತು.
ಹನ್ನೊಂದನೆಯ ಬೆಳಿಗ್ಗೆ ನೀರು ಇಳಿಯಲಿಲ್ಲ;
ಏರಿತು, ಅಂಚಿನ ತನಕ ಬಂದು ನಿಂತು
ನಮ್ಮ ಮುಖ ನೋಡಿತು.
ಇವರು ಕಂಪನಿಯನ್ನು ಬೈದರು, ಮಗ ಹಲಸಿನ ಹಣ್ಣನ್ನು,
ನಾದಿನಿ ಬಾಯಿ ಬಿಡದೆಯೇ ನನ್ನನ್ನು.

ಸಾಂತಾನ್ ಚೇಂಬರಿನ ಮುಚ್ಚಳ ತೆಗೆದು ಕುಕ್ಕರುಗಾಲಲ್ಲಿ ಕೂತ.
ವೈದ್ಯರು ನಾಡಿ ಹಿಡಿದಷ್ಟು ಹೊತ್ತು.
"ಕಮೋಡಿಂದು ತಪ್ಪಿಲ್ಲ ಬಾಯಿ.
ಬೀಡಿನ ಪೈಪು, ನಲವತ್ತು ಅಡಿ, ಇಳಿಜಾರು ಹೆಸರಿಗೆ ಮಾತ್ರ.
ಒಳಗೆ ಕಲ್ವ ಹತ್ತಿದ ಬಂಡೆ ಇದ್ದ ಹಾಗೆ ಉಂಟು.
ಹಳೇ ನೀರು ಎಲ್ಲ ದೂಡಿಕೊಂಡು ಹೋಗ್ತಿತ್ತು.
ಈ ನೀರು ಒಳ್ಳೇದೇ. ಆದ್ರೆ ಹೊರೆ ಅರ್ಧ ದಾರೀಲಿ ಇಳಿಸಿ
ತಾನೊಂದೇ ಮುಂದೆ ಹೋಗಿಬಿಡ್ತದೆ."

ಅಂದಿನಿಂದ ಬಕೆಟ್ಟು.
ಒಬ್ಬರಿಗೊಬ್ಬರು ಕಾಣದ ಹಾಗೆ, ಬಾಗಿಲು ಹಾಕಿಕೊಂಡು,
ಆರು ಲೀಟರಿನ ಬೆನ್ನಿಗೆ ಹದಿನೈದು.
ಈ ಲೆಕ್ಕ ಅಂಗಡಿಯವ ಹೇಳಿರಲಿಲ್ಲ.

ಹಾಗಾದರೆ ಅತ್ತೆಯ ಕಲ್ಲು?
ಅದೂ ನೀರು ಕದಿಯುತ್ತಿತ್ತಲ್ಲ, ಪೈಪು ಯಾಕೆ ಮುನಿಯಲಿಲ್ಲ?
ಮಧ್ಯಾಹ್ನ ತೊಟ್ಟೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ.
ಮೂರು ಮಗ್ಗುಲಿಗೂ ಕತ್ತಿಯ ಕಚ್ಚು.
ಇಡೀ ಕಲ್ಲಿಂದಲೇ ಶುರು ಮಾಡಿರಬೇಕು.
ಕಟ್ಟಿಕೊಂಡಾಗ ಒಂದಿಷ್ಟು ಕೆತ್ತಿ, ಮತ್ತೆ ಏಣಿ ಹತ್ತಿ,
ಮತ್ತೆ ಕಟ್ಟಿ, ಮತ್ತೆ ಕೆತ್ತಿ,
ಸೀರೆ ಎತ್ತಿ ಕಟ್ಟಿದ ಹೆಂಗಸು, ಮನೆ ಮಲಗಿದ ಮೇಲೆ,
ಬಾವಿಯೂ ಪೈಪೂ ಇಬ್ಬರೂ ಹೂಂ ಅನ್ನುವ ತನಕ.

ಹೇಳಿದ್ದರೆ ಏಣಿ ಹಿಡಿಯುತ್ತಿದ್ದೆನೇ?
ಗೊತ್ತಿಲ್ಲ.

ಅಂಗಳ ಪೂರ್ತಿ ಅಗೆಯಲು ದುಡ್ಡಿರಲಿಲ್ಲ.
ಗೇಟಿನ ಹತ್ತಿರದ ಹನ್ನೆರಡು ಅಡಿ ಮಾತ್ರ ಬದಲಿಸಿ
ಬಚ್ಚಲಿನ ನೀರನ್ನು ಪೈಪಿನ ತಲೆಗೇ ತಂದು ಸೇರಿಸಿದ ಸಾಂತಾನ್.
ಐವರ ಸ್ನಾನ ಈಗ ಬೆಳಿಗ್ಗೆ ಬೆಳಿಗ್ಗೆ
ರಾತ್ರಿ ಉಳಿದದ್ದನ್ನೆಲ್ಲ ಕೈಹಿಡಿದು ದಾಟಿಸುತ್ತದೆ.
ಕೊನೆಗೆ ಮೀಯುವವರು ಗುನುಗುವುದನ್ನು ನಿಲ್ಲಿಸಿ
ಒಂದು ತಂಬಿಗೆ ಹೆಚ್ಚು ಹೊಯ್ದುಕೊಳ್ಳಬೇಕು, ಅಷ್ಟೇ.

ಕಲ್ಲು ಅಲ್ಲೇ ಇದೆ. ಉಪ್ಪುಗಾಳಿಗೆ ಚಿಲಕ ತಿಂದುಹೋದ
ಕಕ್ಕಸಿನ ಬಾಗಿಲು ಬಡಿಯದಂತೆ ಒತ್ತಿ ಕೂತಿದೆ.
ನಡುರಾತ್ರಿ ಅದನ್ನು ಕಾಲಿಂದ ಸರಿಸಿ ಒಳಗೆ ಹೋಗಿ
ಸಣ್ಣ ಗುಂಡಿ ಒತ್ತುತ್ತೇನೆ. ನಿಂತು ಕಿವಿಗೊಡುತ್ತೇನೆ.
ಈಗ ಮೆಟ್ಟಿಲು.
ಈಗ ಬಾವಿಕಟ್ಟೆ.
ತೆಂಗು.
ಗೇಟಿನ ಹತ್ತಿರ ಒಂದು ಸಣ್ಣ ಗಳಕ್.
ಹೋಗಿ ಮಲಗುತ್ತೇನೆ.