ಕಿರುಗುಡುವ ಹಲಗೆ

ನಲವತ್ತೊಂದು ವರ್ಷ ನೆಲ ಹಾಸಿದೆ, ಮಂಡಿಯೂರಿ.
ದೇವರಿಗಲ್ಲ.
ಲಿನೋಲಿಯಂಗೆ, ಬರ್ಚ್ ಹಲಗೆಗೆ, ಅಂಟಿನ ಡಬ್ಬಿಗೆ.
ಕುವೊಪಿಯೊದ ಈ ಆಸ್ಪತ್ರೆಯ ಮೂರನೇ ಮಹಡಿಯ ಪಡಸಾಲೆ
ನಾನೇ ಹಾಸಿದ್ದು, ಎಪ್ಪತ್ತೊಂಬತ್ತರ ಚಳಿಯಲ್ಲಿ,
ಹೊರಗೆ ಸರೋವರ ಲಾರಿ ಹೊರುವಷ್ಟು ಗಟ್ಟಿಯಾಗಿದ್ದಾಗ.
ಇವತ್ತು ಅದರ ಮೇಲೇ ಕುಂಟುತ್ತ ಬಂದೆ.
ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನನ್ನ ಬೆಸುಗೆ ಇನ್ನೂ ಬಿಟ್ಟಿಲ್ಲ.
ಬಿಟ್ಟದ್ದು ಬಲ ಮೊಣಕಾಲು.

ನರ್ಸ್ ಸಿರ್ಕ್ಕು ಹನ್ನೊಂದು ಹಾಳೆ ಮುಂದಿಟ್ಟಳು.
"ಅವಸರವಿಲ್ಲ, ಉರ್ಪೊ. ಈ ಆಪರೇಷನ್ ಇಲ್ಲದೆ ಯಾರೂ ಸಾಯುವುದಿಲ್ಲ.
ಮಾಡಿಸಿಕೊಂಡರೆ ಗುಣವಾಗುತ್ತದೋ,
ಅದೇ ನಮಗೆ ಗೊತ್ತಿಲ್ಲ."
ಆಸ್ಪತ್ರೆ 'ಗೊತ್ತಿಲ್ಲ' ಅಂದದ್ದನ್ನು
ಅರವತ್ತಾರು ವರ್ಷದಲ್ಲಿ ಮೊದಲ ಸಲ ಕೇಳಿದೆ.
ಕಾಫಿ ಕೊಟ್ಟಳು. ತೆಳು.

ಅರ್ಧ ಜನಕ್ಕೆ ಹರಿದ ಮೆದುಮೂಳೆಯನ್ನು ಸವರಿ ನುಣುಪು ಮಾಡುವರು.
ಇನ್ನರ್ಧಕ್ಕೆ ಚರ್ಮ ಕೊಯ್ದು, ಒಳಗೆ ಇಣುಕಿ,
ಏನೂ ಮಾಡದೆ ಹೊಲಿಯುವರು.
ಯಾರು ಯಾವ ಅರ್ಧ, ಲಕೋಟೆಗೆ ಗೊತ್ತು.

ಲಾಹ್ಯ ಪಾತ್ರೆ ಕುಕ್ಕಿದಳು:
"ಚೀಟಿ ಎತ್ತಿ ಕಾಲು ಕೊಯ್ಯಿಸಿಕೊಳ್ಳುವವರುಂಟೆ?
ಏನೂ ಮಾಡದಿರುವುದಕ್ಕೆ ಆಸ್ಪತ್ರೆ ಯಾಕೆ,
ಮನೆಯಲ್ಲೇ ನಿನಗೆ ಸಾಕಷ್ಟು ಅಭ್ಯಾಸವಿದೆ."
ಸಹಿ ಹಾಕಿಯಾಗಿತ್ತು. ಯಾಕೆಂದು ಹೇಳಲಾಗಲಿಲ್ಲ.
ನನ್ನ ಹಿಂದೆ ಬರುವ ಹುಡುಗರ ಮಂಡಿಗಾಗಿ ಎಂದಿದ್ದರೆ
ಬಾಯಿಗಿಂತ ತುತ್ತು ದೊಡ್ಡದಾಗುತ್ತಿತ್ತು.
ತಿಂಗಳಿಗೊಮ್ಮೆ ಯಾರೋ ಫೋನ್ ಮಾಡಿ
ನೋವು ಹೇಗಿದೆ ಎಂದು ಕೇಳುತ್ತಾರಂತೆ. ಅದೂ ಒಂದು. ಇರಲಿ.

ಸೊಂಟದ ಕೆಳಗೆ ನಾನಿರಲಿಲ್ಲ. ನಡುವೆ ಹಸಿರು ಪರದೆ.
ಕ್ಯಾಮೆರಾ ಒಳಹೋಯಿತಂತೆ. ಆಮೇಲೆ ಕಾಗದ ಹರಿದ ಸದ್ದು.
ಯಾರೂ ಓದಿ ಹೇಳಲಿಲ್ಲ.
ಡಾಕ್ಟರು ಉಪಕರಣ ಕೇಳಿದರು, ಯಾರೋ ಕೊಟ್ಟರು,
ಮೋಟಾರು ಗುಂಯ್ಗುಟ್ಟಿತು, ಬಕೆಟ್ಟಿಗೆ ನೀರು ಸುರಿಯಿತು.
ಉಳಿ ತಾಗಿದ್ದು ಮರಕ್ಕೋ ಗಾಳಿಗೋ
ಪಕ್ಕದ ಕೋಣೆಯಿಂದಲೇ ಹೇಳಬಲ್ಲ ಕಿವಿ ನನ್ನದು.
ಅವತ್ತು ಸೋತಿತು.
ಅಷ್ಟು ಚೆನ್ನಾಗಿ ಕೆಲಸ ಮಾಡಿದರು,
ಅಥವಾ ಅಷ್ಟು ಚೆನ್ನಾಗಿ ಮಾಡಲಿಲ್ಲ.

ಎರಡು ವಾರ ಸೌನಾ ಇಲ್ಲ. ಮೂರು ಪುಟ್ಟ ಕಲೆ.
ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?
ಏಳು. ಐದು. ಮತ್ತೆ ಆರು, ಹಿಂದಿನ ದಿನ ಹಿಮ ಗೋರಿದ್ದೆ.
ಜೂನ್‌ನಲ್ಲಿ ಎರಡು.
ದೋಣಿಯಿಂದ ದಡದ ಹಲಗೆಗೆ ಜಿಗಿದೆ;
ಜಿಗಿದ ಮೇಲೆ ಕಾಲು ನೆನಪಾಯಿತು.

ವರ್ಷ ತುಂಬಿತು. "ತೆರೆಯಲೆ?" ಎಂದಳು ಸಿರ್ಕ್ಕು.
ತೆರೆದಳು.
ಏನೂ ಮಾಡಿರಲಿಲ್ಲ.
ಈ ಒಂದು ಮಾತಿಗಾಗಿ ವರ್ಷವಿಡೀ ಕಾದಿದ್ದ ಲಾಹ್ಯ
ಬಾಯಿ ತೆರೆದಳು, ನನ್ನ ಕಾಲು ನೋಡಿದಳು,
ಮುಚ್ಚಿದಳು.

ನನಗೆ ನೆನಪಾದದ್ದು ತಿರ್ಕ್ಕೊನೆನ್ ಅಜ್ಜಿ.
ನಾಲ್ಕನೇ ಮಹಡಿ, ಗಂಡ ಸತ್ತ ಮೊದಲ ಚಳಿಗಾಲ.
ಹಲಗೆಯೊಂದು ರಾತ್ರಿ ಕಿರುಗುಡುತ್ತದೆ, ಯಾರೋ ನಡೆದಂತೆ, ಎಂದಳು.
ಇಂಚಿಂಚೂ ತುಳಿದೆ. ಒಂದು ಹಲಗೆಯೂ ಉಸಿರೆತ್ತಲಿಲ್ಲ.
ಆದರೂ ಮಂಡಿಯೂರಿದೆ.
ಸುತ್ತಿಗೆಗೆ ಬಟ್ಟೆ ಸುತ್ತಿ ಒಂದು ಗಂಟೆ ಬಡಿದೆ,
ಒಂದು ಮೊಳೆಯನ್ನೂ ಹೊಡೆಯದೆ.
ದುಡ್ಡು ಬೇಡವೆಂದೆ. ಏಲಕ್ಕಿ ಬನ್ನು ಕೊಟ್ಟಳು, ಎರಡು.
ಮರುವಾರ ಫೋನು: "ನಿಂತಿತಪ್ಪ. ನಿದ್ದೆ ಬರುತ್ತಿದೆ."

ಅವಳಿಗೆ ನಾನು ಹೇಳಲೇ ಇಲ್ಲ.
ಅಲ್ಲಿ ಹನ್ನೊಂದು ಹಾಳೆ ಇರಲಿಲ್ಲ, ಸಹಿ ಇರಲಿಲ್ಲ,
ವರ್ಷದ ಕೊನೆಗೆ ತೆರೆಯಲು ಲಕೋಟೆ ಇರಲಿಲ್ಲ.
ಆ ಬನ್ನು ಇವತ್ತಿಗೂ ಗಂಟಲಲ್ಲಿದೆ.
ಇವರು ಮೊದಲೇ ಹೇಳಿದ್ದರು. ನಾನು ಹೂಂ ಅಂದಿದ್ದೆ.

ಹೊರಡುವಾಗ ಎಕ್ಸ್‌ರೇ ಬಾಗಿಲಲ್ಲಿ ಕೂತು
ಬೆಸುಗೆಯ ಮೇಲೆ ಬೆರಳಾಡಿಸಿದೆ.
ನೆಲ ಒರೆಸುತ್ತಿದ್ದ ಹುಡುಗ ಕೇಳಿದ, "ಏನಾದರೂ ಬಿತ್ತಾ?"
ಏನಿಲ್ಲ ಅಂದೆ.
ಗೋಡೆ ಹಿಡಿದೇ ಎದ್ದೆ, ಹಳೇ ಅಭ್ಯಾಸ.